ತಿರುವಿನಲ್ಲಿ ನಿಂತವರು

ನೋಡುವುದೂ ಒಂದು ಕೆಲಸವೇ ಎಂದು ಕೇಳಿದರೆ ನಮ್ಮ ಶಿರಸಿ ಸೀಮೆಯವರು ನಕ್ಕಾರು. ರಾತ್ರಿ ಊಟ ಮುಗಿಸಿ ಆಟದ ಟೆಂಟಿನಲ್ಲಿ ಕೂತು, ಬೆಳಗಿನ ಮಂಗಳ ಪದ್ಯ ಮುಗಿದ ಮೇಲೆ ಮನೆಗೆ ಬಂದು, ಕೊಟ್ಟಿಗೆಯ ಕೆಲಸ ಪೂರೈಸಿ ಆಮೇಲೆ ಮಲಗುವ ಜನ ನಾವು. ಕೀಚಕ ಸಾಯುವುದನ್ನು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಪ್ರತಿ ಸಲವೂ ಭೀಮನ ಕೈ ಅವನ ಕುತ್ತಿಗೆಗೆ ಬಂದಾಗ ನಮ್ಮ ಉಸಿರು ಒಂದು ಕ್ಷಣ ನಿಲ್ಲುತ್ತದೆ. ಸತ್ತ ಕೀಚಕ ಚೌಕಿಗೆ ಹೋಗಿ, ಬಣ್ಣ ಒರೆಸಿಕೊಂಡು, ಚಹಾ ಕುಡಿಯುತ್ತಾನೆಂಬುದು ನಮಗೆ ಗೊತ್ತು. ಗೊತ್ತಿರುವುದರಿಂದಲೇ ಅಷ್ಟು ನೆಮ್ಮದಿಯಿಂದ ಹೆದರುತ್ತೇವೆ. ರಂಗದ ಮೇಲೆ ಸಾವನ್ನು ನೇರವಾಗಿ ತೋರಿಸಬಾರದೆಂದು ನಾಟ್ಯಶಾಸ್ತ್ರ ಹೇಳಿದ್ದನ್ನು ನಮ್ಮ ಯಕ್ಷಗಾನ ಅಷ್ಟಾಗಿ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ ನಿಜ. ಆದರೂ ಅಲ್ಲಿ ಸಾವೆಂದರೆ ಕುಣಿತ. ಚೆಂಡೆ ನಿಂತರೆ ಮುಗಿಯಿತು.

ಆದರೆ ಚೆಂಡೆ ನಿಂತ ಮೇಲೂ ಎದ್ದು ಹೋಗಲಾರದಂಥ ಅಪಾಯಗಳಿವೆ. ಅವನ್ನೂ ಜನ ನೋಡಲು ಹೋಗುತ್ತಾರೆ. ಬನವಾಸಿ ಕಡೆ ದೀಪಾವಳಿ ಕಳೆದ ಮೇಲೆ ಕೊಬ್ಬರಿ ಕಟ್ಟಿದ ಹೋರಿಯನ್ನು ಓಡಿಸುವಾಗ ಅಖಾಡದ ಎರಡೂ ಬದಿಗೆ ನಿಲ್ಲುತ್ತಾರೆ. ಜಾತ್ರೆಯಲ್ಲಿ ಮರದ ಹಲಗೆಯ ಬಾವಿಯೊಳಗೆ ಮೋಟರ್ ಸೈಕಲ್ ಓಡಿಸುವವನನ್ನು ಮೇಲಿನಿಂದ ಬಗ್ಗಿ ನೋಡುತ್ತಾರೆ. ಮೋಟರ್ ಪಂದ್ಯವೂ ಈ ಜಾತಿಗೆ ಸೇರಿದ್ದು. ಇಂಥ ಕಡೆ ಹೋದವನಿಗೆ ಸಂತೋಷವಾಗುವುದು ಯಾತರಿಂದ? ಆ ಸಂತೋಷ ಒಳ್ಳೆಯದೋ, ಕೆಟ್ಟದ್ದೋ? ನೋಡಿದ ಮಾತ್ರಕ್ಕೆ ಅವನ ತಲೆಗೆ ಏನಾದರೂ ಹೊಣೆ ಬರುತ್ತದೆಯೋ?

ಈ ಪ್ರಶ್ನೆ ನನ್ನದಲ್ಲ, ನಮ್ಮ ದೊಡ್ಡಮ್ಮನದು. ಗುಡ್ಡದ ರಸ್ತೆಯಲ್ಲಿ ಕಾರು ಓಡಿಸುವ ಪಂದ್ಯ ನೋಡಲು ಚಿಕ್ಕಮಗಳೂರಿಗೆ ಹೋಗುತ್ತೇನೆಂದಾಗ ಆಕೆ ಅಡಿಕೆ ಸುಲಿಯುತ್ತಿದ್ದ ಕೈ ನಿಲ್ಲಿಸದೆ ಕೇಳಿದ್ದಳು: "ಯಾರೂ ಬೀಳ್ತ್ವಿಲ್ಲೆ ಅಂದ್ರೆ ಅದ್ರಲ್ಲಿ ನೋಡಲೆ ಎಂತ ಇದ್ದೋ ತಮಾ?" ಅರವತ್ತು ದಾಟಿದವನನ್ನೂ ತಮಾ ಎನ್ನುವ ಹಕ್ಕುಳ್ಳವರ ಮಾತಿಗೆ ಎದುರು ಹೇಳುವುದು ಕಷ್ಟ. ಮಾತಿನಲ್ಲಿ ಹುರುಳಿದ್ದರಂತೂ ಇನ್ನೂ ಕಷ್ಟ.

ಗುಡ್ಡ ಏರುವ ಈ ಪಂದ್ಯ ಮೋಟರಿನಷ್ಟೇ ಹಳೆಯದು. ಇಂಗ್ಲೆಂಡಿನ ಶೆಲ್ಸ್ಲಿ ವಾಲ್ಶ್ ಎಂಬಲ್ಲಿ 1905ರಲ್ಲಿ ಸಾವಿರ ಗಜದ ಒಂದು ಏರುದಾರಿಯಲ್ಲಿ ಶುರುವಾದ ಸ್ಪರ್ಧೆ ಇವತ್ತಿಗೂ ಅದೇ ದಾರಿಯಲ್ಲಿ ನಡೆಯುತ್ತದೆ. ಅಮೆರಿಕದ ಪೈಕ್ಸ್ ಪೀಕ್ ಪರ್ವತದ ಪಂದ್ಯ 1916ರದು. ಸುಮಾರು ಇಪ್ಪತ್ತು ಕಿಲೋಮೀಟರು ದಾರಿ, 156 ತಿರುವು, ಶಿಖರದ ಎತ್ತರ ಹದಿನಾಲ್ಕು ಸಾವಿರ ಅಡಿಗೂ ಹೆಚ್ಚು. ಇಲ್ಲಿ ಒಬ್ಬನನ್ನು ಇನ್ನೊಬ್ಬ ಹಿಂದೆ ಹಾಕುವುದಿಲ್ಲ. ಒಬ್ಬೊಬ್ಬರಾಗಿ ಹೊರಡುತ್ತಾರೆ, ಎದುರಾಳಿಯೆಂದರೆ ಗಡಿಯಾರ. ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ರ‍್ಯಾಲಿ. ಮುಚ್ಚಿದ ರಸ್ತೆಯ ಒಂದೊಂದು ತುಂಡನ್ನು ಕಾರುಗಳು ನಿಮಿಷ ಎರಡು ನಿಮಿಷದ ಅಂತರದಲ್ಲಿ ಒಂದಾದ ಮೇಲೊಂದು ಓಡಿ ಮುಗಿಸುತ್ತವೆ. ಕರ್ನಾಟಕದಲ್ಲಿ ಈ ಆಟದ ತವರು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳು. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತು ಅಲ್ಲಿಗೂ ಬಂದಿದೆ. 2017ರಲ್ಲಿ ಗೌರವ್ ಗಿಲ್ ಮೂರನೆಯ ಸಲ ಆ ಪಟ್ಟ ಗೆದ್ದದ್ದು ಆ ತೋಟಗಳ ನಡುವೆಯೇ.

ಗಿಲ್ ಅಂಥವರು ಕೆಲವರು. ಮಿಕ್ಕವರೆಲ್ಲ ಹವ್ಯಾಸಿಗಳು. ಹವ್ಯಾಸಿ ಎಂಬ ಮಾತು ನಮಗೆ ಹೊಸದಲ್ಲ. ನಮ್ಮಲ್ಲಿ ಹವ್ಯಾಸಿ ಮೇಳಗಳಿವೆ. ಹಗಲು ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು, ಶಾಲೆಯಲ್ಲಿ ಪಾಠ ಹೇಳುವವರು, ತೋಟ ಮಾಡುವವರು ರಾತ್ರಿ ಕಿರೀಟ ಕಟ್ಟುತ್ತಾರೆ. ಸಂಬಳವಿಲ್ಲ, ಕೈಯಿಂದಲೇ ಖರ್ಚು. ಮೋಟರಿನ ಹವ್ಯಾಸಿಗಳೂ ಹಾಗೆಯೇ. ನನ್ನ ಅಕ್ಕನ ಮಗ ಅವರಲ್ಲೊಬ್ಬ. ಬೆಂಗಳೂರಿನಲ್ಲಿ ನೌಕರಿ. ವರ್ಷವಿಡೀ ಉಳಿಸಿದ ದುಡ್ಡನ್ನು ಒಂದು ಹಳೆಯ ಜಿಪ್ಸಿಗೆ ಸುರಿದು ಅದನ್ನು ಗುಡ್ಡಕ್ಕೆ ಹತ್ತಿಸುತ್ತಾನೆ. ಕಾರಿನಲ್ಲಿ ಮೂರನೆಯವರಿಗೆ ಕೂರಲು ಜಾಗವಿಲ್ಲ, ಹಿಂದಿನ ಸೀಟು ಕಿತ್ತು ಕಬ್ಬಿಣದ ಕೊಳವೆಯ ಪಂಜರ ಕಟ್ಟಿದ್ದಾನೆ. ಗೆದ್ದರೆ ಒಂದು ಬಟ್ಟಲು ಸಿಗುತ್ತದೆ. ಸೋತರೆ ರಿಪೇರಿಯ ಬಿಲ್ಲು. ಗೆದ್ದರೂ ಬಿಲ್ಲು ಬರುತ್ತದೆ, ಅದು ಬೇರೆ ಮಾತು.

ಅವನ ಕರೆಗೆ ಓಗೊಟ್ಟು, ರಾತ್ರಿಯೇ ಹೊರಟು, ಸಿದ್ದಾಪುರ, ಸಾಗರ, ಶಿವಮೊಗ್ಗ, ತರೀಕೆರೆ ದಾಟಿ, ಬೆಳಗಿನ ಹೊತ್ತಿಗೆ ಆ ತೋಟ ಸೇರಿದ್ದೆ. ನವೆಂಬರದ ಕೊನೆ. ಕಾಫಿ ಹಣ್ಣು ಅಲ್ಲಲ್ಲಿ ಕೆಂಪಾಗಿತ್ತು, ದಾರಿಯ ಮೇಲೆ ಇಬ್ಬನಿ ಕೂತಿತ್ತು. ಮೊದಲು ನಡೆದದ್ದು ತಪಾಸಣೆ. ಹೆಲ್ಮೆಟ್ಟಿನ ಗುರುತು ನೋಡಿದರು, ಎದೆ ಸೊಂಟಗಳಿಗೆ ಬಿಗಿಯುವ ಪಟ್ಟಿಗಳನ್ನು ಜಗ್ಗಿ ನೋಡಿದರು, ಬೆಂಕಿ ಆರಿಸುವ ಸಿಲಿಂಡರಿನ ತಾರೀಖು ಓದಿದರು, ಪಂಜರದ ಬೆಸುಗೆಗಳನ್ನು ಬೆರಳಿನಿಂದ ತಟ್ಟಿದರು. ದಾರಿಯ ಬುಡದಲ್ಲಿ ಆಂಬ್ಯುಲೆನ್ಸ್ ನಿಂತಿತ್ತು, ಒಳಗೆ ಡಾಕ್ಟರರಿದ್ದರು. ಅಳಿಯನ ಪಕ್ಕ ಕೂರುವ ಹುಡುಗನ ಕೈಯಲ್ಲಿ ಒಂದು ನೋಟುಪುಸ್ತಕ. ಅದರಲ್ಲಿ ತಿರುವುಗಳನ್ನೆಲ್ಲ ಅಂಕಿಯಲ್ಲಿ ಬರೆದುಕೊಂಡಿದ್ದ: ಎಡಕ್ಕೆ ಇಷ್ಟು, ಬಲಕ್ಕೆ ಇಷ್ಟು, ಇಲ್ಲಿ ದಿಣ್ಣೆ, ಇಲ್ಲಿ ಕಲ್ಲು. ಕಾರು ಓಡುವಾಗ ಅವನು ದಾರಿ ನೋಡುವುದಕ್ಕಿಂತ ಹೆಚ್ಚಾಗಿ ಪುಸ್ತಕ ಓದುತ್ತಾನೆ, ಓಡಿಸುವವನು ಆ ಓದಿನ ಮೇಲೆ ಪ್ರಾಣ ಇಟ್ಟಿರುತ್ತಾನೆ. ಭಾಗವತರಿಲ್ಲದೆ ವೇಷಧಾರಿಯಿಲ್ಲ ಎಂದುಕೊಂಡೆ.

ಇನ್ನು ನಮ್ಮ ಪಾಲಿನ ಕೆಲಸ, ಜಾಗ ಹುಡುಕುವುದು. ಈ ಪಂದ್ಯಕ್ಕೆ ಗ್ಯಾಲರಿ ಇಲ್ಲ. ನಾಲ್ಕೈದು ಕಿಲೋಮೀಟರು ದಾರಿಯಲ್ಲಿ ಪಟ್ಟಿ ಕಟ್ಟಿ ಬಿಟ್ಟ ಕಡೆ ಎಲ್ಲಿ ಬೇಕಾದರೂ ನಿಲ್ಲಬಹುದು. ಹಾಗಿದ್ದೂ ನೇರ ದಾರಿಯ ಬದಿ ಒಬ್ಬನೂ ಇರಲಿಲ್ಲ. ಜನವೆಲ್ಲ ಮೂರು ಕಡೆ ಗುಂಪುಗಟ್ಟಿದ್ದರು, ಮೂರೂ ಕೆಟ್ಟ ತಿರುವು. ಅವುಗಳಲ್ಲೂ ಅತಿ ಕೆಟ್ಟದ್ದು ಮಧ್ಯದ್ದು. ದಾರಿ ಇದ್ದಕ್ಕಿದ್ದಂತೆ ಬೆನ್ನು ತಿರುಗಿಸಿ ಮೇಲಕ್ಕೇರುವ ಜಾಗ, ಹೊರಬದಿಗೆ ಆಳವಾದ ಚರಂಡಿ, ಅದರಾಚೆ ಕಣಿವೆ. ಅಲ್ಲಿ ಚುರುಮುರಿ ಮಾರುವವನೂ ಬಂದು ಕೂತಿದ್ದ. ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದೊಡ್ಡಮ್ಮನ ಪ್ರಶ್ನೆಗೆ ಉತ್ತರ ಅವನ ಬುಟ್ಟಿಯೇ ಕೊಡುವಂತಿತ್ತು.

ಕಾರು ಕಾಣುವುದಕ್ಕಿಂತ ಬಹಳ ಮೊದಲು ಕೇಳುತ್ತದೆ. ಕಣಿವೆಯ ತಳದಿಂದ ಸದ್ದು ಹೊರಟು, ಒಂದು ಗುಡ್ಡದ ಹಿಂದೆ ಅಡಗಿ, ಮತ್ತೆ ಹತ್ತಿರದಲ್ಲಿ ಎದ್ದು ಬರುತ್ತದೆ. ಮಾತು ನಿಲ್ಲುತ್ತದೆ. ಸೀಟಿ. ಆಮೇಲೆ ಒಮ್ಮೆಗೇ ಕಾರು ಎದುರಿಗೆ. ಮೂತಿ ಒಂದು ದಿಕ್ಕಿಗೆ, ಓಟ ಇನ್ನೊಂದು ದಿಕ್ಕಿಗೆ; ಹಿಂದಿನ ಗಾಲಿಗಳು ಚರಂಡಿಯ ಅಂಚನ್ನು ಸವರಿ, ಕಲ್ಲು ಮಣ್ಣು ಎರಚಿ, ಇನ್ನೇನು ಹೋಯಿತು ಅನ್ನುವಷ್ಟರಲ್ಲಿ ನೆಟ್ಟಗಾಗಿ ಏರು ಹಿಡಿಯುತ್ತದೆ. ನಾಲ್ಕೈದು ಸೆಕೆಂಡು. ಉಳಿಯುವುದು ಧೂಳು ಮತ್ತು ಪೆಟ್ರೋಲಿನ ವಾಸನೆ. ಆಗ ಕೇಕೆ. ಗಮನವಿಟ್ಟು ಕೇಳಿದೆ. ಅಂದವಾಗಿ, ಗೆರೆ ಎಳೆದ ಹಾಗೆ ತಿರುಗಿದ ಕಾರಿಗೆ ಚಪ್ಪಾಳೆ ಕಡಿಮೆ. ಅಂಚಿಗೆ ಹೋಗಿ ಬಂದದ್ದಕ್ಕೆ ಜೋರು. ಗಡಿಯಾರ ಮೆಚ್ಚುವುದು ಮೊದಲನೆಯದನ್ನು. ನಾವು ಎರಡನೆಯದನ್ನು.

ನನ್ನ ಪಕ್ಕದಲ್ಲಿದ್ದ ಒಬ್ಬಾತ ಪ್ರತಿ ಸದ್ದಿಗೂ "ಈಗ ಬಿತ್ತು ನೋಡಿ, ಈಗ ಬಿತ್ತು" ಎನ್ನುತ್ತಿದ್ದ. ಬೀಳದಿದ್ದಾಗ ಅವನ ಮುಖದಲ್ಲಿ ನಿರಾಸೆಯೋ ನಿರಾಳವೋ ಹೇಳಲಾಗದಂಥ ಒಂದು ಭಾವ ಬರುತ್ತಿತ್ತು. ಹನ್ನೊಂದು ಗಂಟೆಯ ಸುಮಾರಿಗೆ ಒಂದು ಕಾರು ನಿಜವಾಗಿಯೂ ಬಿತ್ತು. ಕಣಿವೆಗಲ್ಲ, ಚರಂಡಿಗೆ. ಹಿಂದಿನ ಒಂದು ಗಾಲಿ ಕುಸಿದು, ಕಾರು ದಾರಿಗೆ ಅಡ್ಡಲಾಗಿ ನಿಂತಿತು. ಆ ಕ್ಷಣ ನೋಡಬೇಕಾಗಿತ್ತು. ಪಟ್ಟಿಯನ್ನು ಕೆಳಗಿನಿಂದ ನುಸುಳಿ, ಮೇಲಿನಿಂದ ಹಾರಿ, ಇಪ್ಪತ್ತು ಜನ ನುಗ್ಗಿದರು. ಮೊದಲು ನುಗ್ಗಿದವನು ನನ್ನ ಪಕ್ಕದಾತ. ಚರಂಡಿಗಿಳಿದು ಗಾಲಿಗೆ ಹೆಗಲು ಕೊಟ್ಟ. ಅವನ ಒಂದು ಚಪ್ಪಲಿ ಕೆಸರಿನಲ್ಲಿ ಹೋಯಿತು, ಅದು ಅವನ ಲಕ್ಷ್ಯಕ್ಕೂ ಬರಲಿಲ್ಲ. ಒಂದು, ಎರಡು, ಮೂರು ಎಂದು ಎತ್ತಿ ಕಾರನ್ನು ದಾರಿಗೆ ಹಾಕಿದರು. ಒಳಗಿದ್ದವನು ಕೈ ಮುಗಿದ, ಹೊರಟ. ಬೆಳಗಿನಿಂದ ಯಾರು ಬೀಳಲೆಂದು ಕಾಯುತ್ತಿದ್ದರೋ ಅವರೇ ಬಿದ್ದವನನ್ನು ಎತ್ತಿದರು.

ಅಷ್ಟರಲ್ಲಿ ತಿರುವಿನ ಕಾವಲಿಗಿದ್ದ ಹುಡುಗ ಸೀಟಿ ಊದಿ ಊದಿ ಕೆಂಪಾಗಿದ್ದ. ಇಪ್ಪತ್ತೆರಡು ಇಪ್ಪತ್ಮೂರರ ಪ್ರಾಯ, ಸಂಬಳವಿಲ್ಲದೆ ಬಂದ ಸ್ವಯಂಸೇವಕ. ಕೈಯಲ್ಲಿ ಕೆಂಪು ಬಾವುಟ, ಇನ್ನೊಂದು ಕೈಯಲ್ಲಿ ವೈರ್‌ಲೆಸ್. ಹಿಂದಿನ ಕಾರನ್ನು ಕೆಳಗಿನ ತಿರುವಿನಲ್ಲೇ ನಿಲ್ಲಿಸಿದ್ದಾರೆಂದು ಖಾತ್ರಿಯಾದ ಮೇಲೆ ಅವನು ತನ್ನ ಎರಡರಷ್ಟು ವಯಸ್ಸಿನವರಿಗೆ ಹೇಳಿದ: "ಎತ್ತಿದ್ದು ತಪ್ಪಲ್ಲ ಸಾರ್. ಮುಂದಿನ ಕಾರು ನಿಂತಿದೆ ಅಂತ ನಾನು ಹೇಳಿದ ಮೇಲೆ ಎತ್ತಬೇಕಿತ್ತು." ಯಾರೂ ಮಾತಾಡಲಿಲ್ಲ. ಚಪ್ಪಲಿ ಕಳೆದುಕೊಂಡವನು ಒಂದು ಕಾಲಿನಲ್ಲಿ ಕುಂಟುತ್ತ ಪಟ್ಟಿಯ ಹಿಂದೆ ಬಂದ.

ಆ ಒಂದು ನಿಮಿಷದಲ್ಲಿ ದೊಡ್ಡಮ್ಮನ ಪ್ರಶ್ನೆಗೆ ಅರ್ಧ ಉತ್ತರ ಇದೆ ಎಂದು ನನಗನ್ನಿಸುತ್ತದೆ. ಬೀಳಲಿ ಎಂದು ಜನ ಬರುತ್ತಾರೆ ಎನ್ನುವುದು ನಿಜವಲ್ಲ. ಹಾಗಿದ್ದರೆ ಬಿದ್ದಾಗ ನಿಂತು ನೋಡುತ್ತಿದ್ದರು. ಬೀಳುವ ಸಾಧ್ಯತೆಯೇ ಇಲ್ಲದಿದ್ದರೆ ಬರುತ್ತಿರಲಿಲ್ಲ ಎನ್ನುವುದೂ ಅಷ್ಟೇ ನಿಜ. ಮೈದಾನದಲ್ಲಿ ಅದೇ ಕಾರನ್ನು ಅದೇ ವೇಗದಲ್ಲಿ ಓಡಿಸಿದರೆ ಚುರುಮುರಿಯವನು ಬುಟ್ಟಿ ಹೊತ್ತು ಬೇರೆ ಕಡೆ ಹೋದಾನು. ನಮಗೆ ಬೇಕಾದದ್ದು ಒಂದು ವಿಚಿತ್ರವಾದ ವಸ್ತು: ಬೀಳಬಹುದಿತ್ತು, ಬೀಳಲಿಲ್ಲ. ಕೌಶಲ ಕಣ್ಣಿಗೆ ಕಾಣುವುದು ಅಂಚಿನಲ್ಲಿ ಮಾತ್ರ. ನೆಲದ ಮೇಲೆ ಗೆರೆ ಎಳೆದು ನಡೆಯುವವನನ್ನು ಯಾರೂ ನೋಡುವುದಿಲ್ಲ, ಅದೇ ಗೆರೆಯನ್ನು ಹಗ್ಗ ಮಾಡಿ ಎತ್ತರಕ್ಕೆ ಕಟ್ಟಿದರೆ ಊರೇ ಸೇರುತ್ತದೆ. ನಡಿಗೆ ಅದೇ. ಬದಲಾದದ್ದು ತಪ್ಪಿದರೆ ತೆರಬೇಕಾದ ಬೆಲೆ.

ಆದರೆ ಆ ಬೆಲೆ ತೆರುವವನು ನಾನಲ್ಲವಲ್ಲ. ಇನ್ನೊಬ್ಬನ ಎಲುಬನ್ನು ಪಣಕ್ಕಿಟ್ಟು ನಾನು ಉಸಿರು ಬಿಗಿಹಿಡಿಯುವ ಸುಖ ಪಡುವುದು ನ್ಯಾಯವೇ? ಅವನೇ ಇಷ್ಟಪಟ್ಟು ಬಂದಿದ್ದಾನೆ, ಯಾರೂ ಎಳೆದು ತಂದಿಲ್ಲ ಎಂಬುದು ಸುಲಭದ ಸಮಾಧಾನ. ಆ ಇಷ್ಟದಲ್ಲಿ ನನ್ನ ಪಾಲು ಏನೂ ಇಲ್ಲವೇ ಎಂದು ಮಧ್ಯಾಹ್ನ ಊಟದ ಹೊತ್ತಿಗೆ ಅಳಿಯನನ್ನು ಕೇಳಿದೆ. ಯಾರೂ ನೋಡಲು ಬಾರದಿದ್ದರೂ ಓಡಿಸುತ್ತೀಯಾ? "ನಿಂಗಳ ಸಲುವಾಗಿ ಅಲ್ದ ಮಾವ, ಗಡಿಯಾರದ ಸಲುವಾಗಿ" ಎಂದ. ಚಿತ್ರಾನ್ನದ ತಟ್ಟೆ ಅರ್ಧ ಮುಗಿದ ಮೇಲೆ ತಾನಾಗಿಯೇ ಹೇಳಿದ: "ಆದ್ರೆ ತಿರುವಿನಲ್ಲಿ ಜನ ಇದ್ದ ಹೇಳಿ ಗೊತ್ತಾದ್ರೆ ಬ್ರೇಕು ಒತ್ತದು ಒಂಚೂರು ತಡ ಆಗ್ತು."

ಆ ಒಂಚೂರು ತಡವೇ ನಮ್ಮ ಪಾಲು. ನೋಟಕ್ಕೆ ತೂಕವಿದೆ. ದಾರಿಯ ಬದಿ ಸುಮ್ಮನೆ ನಿಂತ ನಾನು ಒಬ್ಬನ ಕಾಲನ್ನು ಬ್ರೇಕಿನಿಂದ ಒಂದು ಅರೆಗಳಿಗೆ ದೂರ ಇಡುತ್ತೇನೆ. ನೋಡುವವನು ನಿರಪರಾಧಿ, ಅವನು ಏನೂ ಮಾಡಲಿಲ್ಲ ಎನ್ನುವ ಮಾತು ಇಲ್ಲಿಗೆ ಮುರಿದು ಬೀಳುತ್ತದೆ.

ಹಾಗಾದರೆ ನೋಡದಿರುವುದೇ ಧರ್ಮವೇ? ಈ ಆಟದ ಚರಿತ್ರೆ ಹಾಗೆ ಹೇಳುವುದಿಲ್ಲ. 1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ಸ್ ಪಂದ್ಯದಲ್ಲಿ ಒಂದು ಕಾರು ಸಿಡಿದು ಜನರ ಮೇಲೆ ಬಿದ್ದು, ಓಡಿಸುತ್ತಿದ್ದವನೂ ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರೂ ಸತ್ತರು. ಅದನ್ನು ಕಂಡ ಸ್ವಿಟ್ಜರ್ಲೆಂಡ್ ತನ್ನ ನೆಲದಲ್ಲಿ ಸುತ್ತುದಾರಿಯ ಪಂದ್ಯಗಳನ್ನೇ ನಿಷೇಧಿಸಿತು. ಆ ನಿಷೇಧ ಹಲವು ದಶಕಗಳ ಕಾಲ ಉಳಿಯಿತು. ಅಷ್ಟು ವರ್ಷವೂ ಅಲ್ಲಿ ಉಳಿದುಕೊಂಡದ್ದು ಗುಡ್ಡ ಏರುವ ಪಂದ್ಯ, ಒಬ್ಬೊಬ್ಬರಾಗಿ ಓಡುತ್ತಾರೆ ಎಂಬ ಕಾರಣಕ್ಕೆ. 1986ರ ಮಾರ್ಚಿಯಲ್ಲಿ ಪೋರ್ಚುಗಲ್ ರ‍್ಯಾಲಿಯಲ್ಲಿ ಜನ ದಾರಿಯ ಮೇಲೆಯೇ ನಿಲ್ಲುತ್ತಿದ್ದರು, ಕಾರು ಬಂದಾಗ ಬಾಗಿಲು ತೆರೆದ ಹಾಗೆ ಸರಿಯುತ್ತಿದ್ದರು. ಓಡುವ ಕಾರನ್ನು ಮುಟ್ಟುವುದು ಅಲ್ಲಿ ಪೌರುಷದ ಲೆಕ್ಕ. ಅವರನ್ನು ತಪ್ಪಿಸಲು ಹೋದ ಒಂದು ಕಾರು ಹತೋಟಿ ತಪ್ಪಿ ಇನ್ನೊಂದು ಗುಂಪಿಗೆ ನುಗ್ಗಿ ಮೂವರು ಸತ್ತರು. ಅದೇ ಮೇ ತಿಂಗಳಲ್ಲಿ ಕಾರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಪಕ್ಕದಲ್ಲಿ ಕೂತಿದ್ದ ಸೆರ್ಜಿಯೊ ಕ್ರೆಸ್ಟೊ ಕಣಿವೆಗೆ ಬಿದ್ದು ಸುಟ್ಟುಹೋದರು. ಆ ವರ್ಷದೊಂದಿಗೆ 'ಗ್ರೂಪ್ ಬಿ' ಎಂಬ ಅತಿವೇಗದ ಕಾರುಗಳ ವರ್ಗವೇ ಮುಗಿಯಿತು. ಪೈಕ್ಸ್ ಪೀಕಿನಲ್ಲಿ 2019ರಲ್ಲಿ ಕಾರ್ಲಿನ್ ಡನ್ ಎಂಬ ಸವಾರ ಮುಕ್ತಾಯದ ಗೆರೆಯ ಹತ್ತಿರವೇ ಸತ್ತ ಮೇಲೆ ಮೋಟರ್ ಸೈಕಲ್ಲುಗಳ ವಿಭಾಗವನ್ನು ನಿಲ್ಲಿಸಿಬಿಟ್ಟರು.

ಇವೆಲ್ಲ ಆದದ್ದು ಜನ ನೋಡುತ್ತಿದ್ದುದರಿಂದ. ಪಂಜರ, ಪಟ್ಟಿ, ಸಿಲಿಂಡರು, ಡಾಕ್ಟರು, ಸೀಟಿ ಊದುವ ಹುಡುಗ, ಇವರೆಲ್ಲ ಒಂದೊಂದು ಸಾವಿನ ಹಿಂದೆ ಬಂದವರು. ಅದೂ ಸಾವಿರ ಕಣ್ಣಿನೆದುರು ಆದ ಸಾವು. ಬ್ರೇಕನ್ನು ತಡ ಮಾಡಿಸುವ ನೋಟವೇ ಪಂಜರವನ್ನೂ ಕಟ್ಟಿಸಿತು. ಎಲ್ಲಿ ಜನ ನೆರೆದು ನೋಡುತ್ತಾರೋ ಅಲ್ಲಿ ಅಪಾಯಕ್ಕೆ ಲೆಕ್ಕ ಹುಟ್ಟುತ್ತದೆ, ಲೆಕ್ಕಕ್ಕೆ ಒಬ್ಬ ಹೊಣೆಗಾರ ಹುಟ್ಟುತ್ತಾನೆ.

ಈ ಆಟದಲ್ಲಿ ಓಡಿಸುವವನು, ನೋಡುವವನು ಇಬ್ಬರೇ ಇದ್ದರೆ ಮಾತು ಇಲ್ಲಿಗೆ ಮುಗಿಯುತ್ತಿತ್ತು. ಮೂರನೆಯವರಿದ್ದಾರೆ. ಆ ದಿನ ಪಟ್ಟಿಯ ಆಚೆ, ತೋಟದ ಕಾಲುದಾರಿಯಲ್ಲಿ, ತಲೆಯ ಮೇಲೆ ಸೌದೆ ಹೊರೆ ಹೊತ್ತ ಇಬ್ಬರು ಹೆಂಗಸರು ನಿಂತಿದ್ದರು. ಅವರು ಪಂದ್ಯ ನೋಡಲು ಬಂದವರಲ್ಲ. ದಾರಿ ದಾಟಿದರೆ ಅವರ ಲೈನು ಮನೆ. ಕಾವಲಿನ ಹುಡುಗ ಕೈ ತೋರಿಸಿ ತಡೆದಿದ್ದ. ಅವರು ಹೊರೆ ಇಳಿಸಿ ಕೂತರು. ಹುಡುಗ ಆಮೇಲೆ ಎರಡು ಕಾರುಗಳ ನಡುವೆ ವೈರ್‌ಲೆಸ್ಸಿನಲ್ಲಿ ಕೇಳಿ, ಓಟವನ್ನು ತಡೆಸಿ, ಅವರನ್ನು ದಾಟಿಸಿದ. ಗಡಿಯಾರದ ಆಟದಲ್ಲಿ ಸೌದೆ ಹೊರೆಗೂ ಎರಡು ನಿಮಿಷ ಸಿಕ್ಕಿದ್ದು ನನಗೆ ಆ ದಿನದ ಒಳ್ಳೆಯ ನೋಟಗಳಲ್ಲೊಂದು. ಎಲ್ಲ ಕಡೆ ಹೀಗಾಗುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾರ್ಮೇರ್ ಜಿಲ್ಲೆಯಲ್ಲಿ, ಪಂದ್ಯಕ್ಕೆಂದು ಮುಚ್ಚಿದ್ದ ರಸ್ತೆಗೆ ಬಂದ ಒಂದು ಮೋಟರ್ ಸೈಕಲ್ಲಿಗೆ ರ‍್ಯಾಲಿಯ ಕಾರು ಬಡಿದು ಗಂಡ, ಹೆಂಡತಿ, ಮಗ ಮೂವರೂ ಸತ್ತರು. ಓಡಿಸುತ್ತಿದ್ದವರು ಇದೇ ಗೌರವ್ ಗಿಲ್; ಅವರಿಗೂ ಬಲವಾದ ಪೆಟ್ಟಾಯಿತು, ಪಂದ್ಯ ರದ್ದಾಯಿತು. ತಪ್ಪು ಯಾರದೆಂಬ ವಾದ ಏನೇ ಇರಲಿ, ರಸ್ತೆಯೆಂಬುದು ಮೊದಲು ದಾಟುವವರದು, ಆಮೇಲೆ ಆಡುವವರದು. ಸ್ವಂತ ಪ್ರಾಣವನ್ನು ಪಣಕ್ಕಿಡುವ ಹಕ್ಕು ನಮ್ಮ ಅಳಿಯನಿಗಿದೆ ಎಂದು ಒಪ್ಪುತ್ತೇನೆ. ದಾಟುವವರ ಪ್ರಾಣ ಅವನ ಗಂಟಿನಲ್ಲಿಲ್ಲ. ಭಾನುವಾರ ಬೆಳಿಗ್ಗೆ ನಮ್ಮ ದೇವಿಮನೆ ಘಟ್ಟದಲ್ಲೋ ಅರಬೈಲಿನಲ್ಲೋ ಬಸ್ಸು ಲಾರಿಗಳ ನಡುವೆ ಬೈಕು ಮಲಗಿಸಿ ತಿರುಗಿಸುವ ಹುಡುಗರಿಗೂ ಈ ಭೇದ ತಿಳಿದರೆ ಒಳ್ಳೆಯದು. ಅಲ್ಲಿ ಪಟ್ಟಿ ಕಟ್ಟುವವರಿಲ್ಲ, ಸೀಟಿ ಊದುವವರಿಲ್ಲ. ಎದುರಿನ ತಿರುವಿನಲ್ಲಿ ಬರುತ್ತಿರುವ ಬಸ್ಸಿನವನು ಯಾವ ಪಂದ್ಯಕ್ಕೂ ಹೆಸರು ಕೊಟ್ಟಿರುವುದಿಲ್ಲ.

ಅರಬೈಲು ಎಂದಾಗ ಬೇರೆ ಒಂದು ಓಟ ನೆನಪಾಗುತ್ತದೆ. 2025ರ ಜನವರಿ 22, ಬುಧವಾರ. ಸವಣೂರಿನಿಂದ ಕುಮಟೆಯ ಸಂತೆಗೆ ತರಕಾರಿ, ಹಣ್ಣು ಹೇರಿಕೊಂಡು ಹೊರಟ ಲಾರಿಯೊಂದು ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಹತ್ತಿರ ಘಟ್ಟದಲ್ಲಿ ಬೆಳಗಾಗುವ ಮೊದಲೇ ಕಣಿವೆಗೆ ಉರುಳಿತು. ಮಾಲಿನ ಜೊತೆ ಲಾರಿಯಲ್ಲೇ ಕೂತಿದ್ದ ವ್ಯಾಪಾರಿಗಳಲ್ಲಿ ಹತ್ತು ಜನ ಸತ್ತರು. ಅವರೂ ತಿರುವಿನ ಮೇಲೆ ಪ್ರಾಣ ಇಟ್ಟೇ ಹೊರಟವರು, ವಾರದ ಸಂತೆ ಬಂತೆಂದರೆ ಹೊರಡಲೇಬೇಕಾದವರು. ಎದೆಗೆ ಪಟ್ಟಿ ಇರಲಿಲ್ಲ, ತಲೆಗೆ ಹೆಲ್ಮೆಟ್ ಇರಲಿಲ್ಲ, ತಿರುವಿನಲ್ಲಿ ನಿಂತು ನೋಡುವವರು ಇರಲಿಲ್ಲ. ಅವರ ಓಟ ಪೇಪರಿಗೆ ಬಂದದ್ದು ಮುಗಿದ ಮೇಲೆ.

ಅಪಾಯದಲ್ಲಿ ಹೀಗೆ ಎರಡು ಜಾತಿ. ಒಂದು ಹವ್ಯಾಸದ್ದು, ಇನ್ನೊಂದು ಹೊಟ್ಟೆಪಾಡಿನದು. ಮೊದಲನೆಯದಕ್ಕೆ ಬಟ್ಟಲು, ಚಪ್ಪಾಳೆ. ಎರಡನೆಯದಕ್ಕೆ ಕೂಲಿ. ನಡುವೆ ನಿಂತವನು ಮಾರಿಕಾಂಬಾ ಜಾತ್ರೆಯ ಆ ಬಾವಿಯೊಳಗಿನ ಸವಾರ. ಗೋಡೆಯ ಮೇಲೆ ಅಡ್ಡಡ್ಡ ಸುತ್ತುತ್ತ, ಎರಡೂ ಕೈ ಬಿಟ್ಟು, ಮೇಲಿನಿಂದ ಚಾಚಿದ ಹತ್ತರ ನೋಟನ್ನು ಕಿತ್ತುಕೊಳ್ಳುತ್ತಾನೆ. ಅವನಿಗೆ ಚಪ್ಪಾಳೆಯೂ ಉಂಟು, ಕೂಲಿಯೂ ಉಂಟು. ಪಂಜರ ಮಾತ್ರ ಇಲ್ಲ. ನೋಟು ಚಾಚುವವನ ಕೈ ಅವನನ್ನು ಇನ್ನೂ ಒಂದು ಗೇಣು ಮೇಲಕ್ಕೆ ಎಳೆಯುತ್ತದೆ. ಅಳಿಯ ಬ್ರೇಕನ್ನು ತಡ ಮಾಡುವುದು ಹುಮ್ಮಸ್ಸಿಗೆ. ಈತ ಕೈ ಬಿಡುವುದು ಹತ್ತು ರೂಪಾಯಿಗೆ. ನೋಡುವವನ ಪಾಲು ಎರಡೂ ಕಡೆ ಸಮವಾಗಿದೆ ಎಂದು ಹೇಳಲಾರೆ.

ಇನ್ನೊಬ್ಬನಿದ್ದಾನೆ, ಅವನಿಗೆ ಬಾವಿಯ ಚಪ್ಪಾಳೆಯೂ ಇಲ್ಲ. ನಮ್ಮ ತೋಟದ ಕೊನೆಗೌಡ. ಐವತ್ತು ಅರವತ್ತು ಅಡಿ ಎತ್ತರದ ಅಡಿಕೆ ಮರವನ್ನು ಕಾಲಿಗೊಂದು ತಳೆ ಹಾಕಿಕೊಂಡು ಏರುತ್ತಾನೆ. ಕೊನೆ ಕೊಯ್ದು ಹಗ್ಗದಲ್ಲಿ ಕೆಳಗೆ ಬಿಡುತ್ತಾನೆ. ಆಮೇಲೆ ಇಳಿಯುವುದಿಲ್ಲ. ಮರವನ್ನು ಬಾಗಿಸಿ, ಪಕ್ಕದ ಮರವನ್ನು ಎಳೆದುಕೊಂಡು, ಒಂದರಿಂದ ಇನ್ನೊಂದಕ್ಕೆ ದಾಟುತ್ತಾನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯುವಾಗ ಅದೇ ಕಾಂಡ ಪಾಚಿಗಟ್ಟಿ ಜಾರುತ್ತಿರುತ್ತದೆ. ಚಿಕ್ಕಮಗಳೂರಿನ ಯಾವ ತಿರುವಿನಲ್ಲೂ ನಾನು ಅಷ್ಟು ಕೌಶಲ ಕಾಣಲಿಲ್ಲ, ಅಷ್ಟು ಅಪಾಯವನ್ನೂ ಕಾಣಲಿಲ್ಲ. ಹುಡುಗರಾಗಿದ್ದಾಗ ನಾವು ಬಾಯಿ ತೆರೆದು ನೋಡುತ್ತಿದ್ದೆವು. ದೊಡ್ಡವರಾದ ಮೇಲೆ ಕೊನೆ ಎಣಿಸುತ್ತೇವೆ. ಬೀಳುವವನು ಬಿದ್ದಾಗ ಸಾಕ್ಷಿಗೆ ಇಬ್ಬರು ಮೂವರು. ಕಾನೂನು ಬದಲಾಗಲು ಅಷ್ಟು ಕಣ್ಣು ಸಾಲುವುದಿಲ್ಲ.

ಏನೂ ಆಗಿಲ್ಲ ಎಂದಲ್ಲ. 2019ರಲ್ಲಿ ಬಂಟ್ವಾಳ ಸೀಮೆಯ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಏರುವ ಮೋಟರೊಂದನ್ನೇ ಮಾಡಿ ತೋರಿಸಿದರು. ಸೀಟಿದೆ, ಬ್ರೇಕಿದೆ, ಪೆಟ್ರೋಲಿನಲ್ಲಿ ಓಡುತ್ತದೆ. ಅದರ ಚಿತ್ರ ದೇಶವೆಲ್ಲ ತಿರುಗಿತು. ನೆಲದಲ್ಲೇ ನಿಂತು ಕೊಯ್ಯುವ ಉದ್ದದ ಫೈಬರ್ ದೋಟಿಗಳು ಈಗ ನಮ್ಮ ಕಡೆ ಬಂದಿವೆ. ತೆಂಗಿನ ಮರ ಏರುವವರಿಗೆ ತೆಂಗು ಅಭಿವೃದ್ಧಿ ಮಂಡಳಿ ವಿಮೆಯ ಯೋಜನೆ ಮಾಡಿದೆ. ಇವು ಬಂದದ್ದಕ್ಕೆ ಏರುವವರು ಸಿಗದಾದದ್ದೂ ಒಂದು ಕಾರಣ ಎನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಕಾರಣ ಏನಾದರೂ ಇರಲಿ, ಬಂದದ್ದು ಒಳ್ಳೆಯದು.

ಹಾಗಾಗಿ ದೊಡ್ಡಮ್ಮನಿಗೆ ಹೀಗೆ ಹೇಳಬಹುದು. ಅಪಾಯ ನೋಡಲು ಹೋಗುವುದು ಪಾಪವಲ್ಲ. ಹೋದವನು ಪಟ್ಟಿಯ ಹಿಂದೆ ನಿಲ್ಲಬೇಕು, ಸೀಟಿಯ ಮಾತು ಕೇಳಬೇಕು, ಅಂಚಿಗೆ ಹೋಗಿ ಬಂ­ದವನಿಗಿಂತ ಅಂದವಾಗಿ ತಿರುಗಿದವನಿಗೆ ಹೆಚ್ಚು ಚಪ್ಪಾಳೆ ತಟ್ಟುವುದನ್ನು ಕಲಿಯಬೇಕು. ಇಷ್ಟು ಮಾಡಿದರೆ ಓಡಿಸುವವನ ಮಟ್ಟಿಗೆ ಅವನ ಋಣ ತೀರಿತು. ಆದರೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಒಂದು ತಿರುವಿನಲ್ಲಿ ಉಸಿರು ಬಿಗಿಹಿಡಿಯಲು ಕಲಿತವನು ಆ ಉಸಿರನ್ನು ಅಲ್ಲೇ ಬಿಟ್ಟು ಬರಬಾರದು. ಯಾವ ಅಪಾಯ ಕಂಡರೂ ಕೇಳಬೇಕಾದ ಪ್ರಶ್ನೆ ಮೂರು: ಇದನ್ನು ಆರಿಸಿಕೊಂಡವರು ಯಾರು? ಇದರ ಲೆಕ್ಕ ಯಾರಾದರೂ ಇಟ್ಟಿದ್ದಾರೆಯೇ? ಬಿದ್ದರೆ ಓಡಿ ಬರುವವರು ಯಾರು? ಪಂದ್ಯದ ದಾರಿಯಲ್ಲಿ ಮೂರಕ್ಕೂ ಉತ್ತರ ಇತ್ತು. ಹೊಟ್ಟೆಪಾಡಿನ ದಾರಿಗಳಲ್ಲಿ ಒಂದಕ್ಕೂ ಸಿಗುವುದಿಲ್ಲ.

ನಮ್ಮ ಕೊನೆಗೌಡನನ್ನು ಒಮ್ಮೆ, ಅಷ್ಟು ಮೇಲಿಂದ ಕೆಳಗೆ ನೋಡಿದರೆ ತಲೆ ತಿರುಗುವುದಿಲ್ಲವೇ ಎಂದು ಕೇಳಿದ್ದೆ. ಕವಳಕ್ಕೆ ಸುಣ್ಣ ಹಚ್ಚುತ್ತ ಹೇಳಿದ: "ಮೇಲೆ ಹೋದವ ಕೆಳಗೆ ನೋಡೂಕಾಗ ಹೆಗಡೇರೆ. ಕೆಳಗಿದ್ದವ್ರು ಮೇಲೆ ನೋಡ್ತಾ ಇರ್ಬೇಕು." ಅವನು ಹೇಳಿದ್ದು ಹಗ್ಗ ಹಿಡಿಯುವವನ ವಿಷಯ. ಮೇಲೆ ನೋಡುತ್ತಿಲ್ಲದಿದ್ದರೆ ಕೊನೆ ಅವನ ತಲೆಗೇ ಬರುತ್ತದೆ, ಹಗ್ಗ ಸಡಿಲಿಸುವ ಹೊತ್ತು ತಪ್ಪಿದರೆ ಮೇಲಿನವನ ಆಯವೂ ತಪ್ಪುತ್ತದೆ. ಕೆಳಗೆ ನಿಂತವನ ನೋಟ ಅಲ್ಲಿ ಬರಿಯ ನೋಟವಲ್ಲ, ಕೆಲಸದ ಒಂದು ಭಾಗ. ಅದಕ್ಕೆ ಕೂಲಿಯೂ ಇದೆ. ಕೊನೆ ಕೊಯ್ಲು ಬಂದಾಗ ತೋಟದ ಯಜಮಾನರಾದವರೂ ಚೀಟಿಯಲ್ಲಿ ಕೊನೆ ಬರೆಯುವ ಮೊದಲು ತಳೆ ಸವೆದಿದೆಯೇ, ಹಗ್ಗ ಗಟ್ಟಿಯಿದೆಯೇ, ಸೊಂಟದ ಪಟ್ಟಿಗೆ ಹೇಳಿ ಕಳಿಸಿದ್ದಾಯಿತೇ, ವಿಮೆಯ ಕಂತು ಕಟ್ಟಿದ್ದಾಯಿತೇ ಎಂದು ಒಂದು ತಪಾಸಣೆ ಮಾಡಿದರೆ ಸಾಕು. ಅದಕ್ಕೆ ಅರ್ಧ ಗಂಟೆ ಹಿಡಿಯಬಹುದು.